ಏಳನೇ ವಯಸ್ಸಿಗೆ ಕಿರೀಟ: ಪೋರ್ಚುಗಲ್ಲಿನ ರಾಣಿ ಎರಡನೇ ಮರಿಯಾ

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಪೋರ್ಚುಗೀಸರ ಬಗ್ಗೆ ನಾವೆಲ್ಲ ಓದಿದ್ದು ಹೆಚ್ಚೆಂದರೆ ನಾಲ್ಕು ಸಂಗತಿ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಆಲ್ಬುಕರ್ಕ್ ಗೋವಾ ಗೆದ್ದ. ಉಳ್ಳಾಲದ ರಾಣಿ ಅಬ್ಬಕ್ಕ ಅವರಿಗೆ ಎದುರು ನಿಂತಳು. 1961ರಲ್ಲಿ ಗೋವಾ ವಿಮೋಚನೆಯಾಯಿತು. ಪರೀಕ್ಷೆಗೆ ಇಷ್ಟು ಸಾಕಾಗುತ್ತಿತ್ತು. ನಾಲ್ಕೂವರೆ ಶತಮಾನ ನಮ್ಮ ನೆರೆಯ ಗೋವಾವನ್ನು ಆಳಿದ ಆ ದೇಶದ ಸಿಂಹಾಸನದ ಮೇಲೆ ಯಾರು ಯಾರು ಕುಳಿತಿದ್ದರು, ಅವರ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ನಾವೂ ಕೇಳಲಿಲ್ಲ, ಪುಸ್ತಕವೂ ಹೇಳಲಿಲ್ಲ.

ಆ ಸಿಂಹಾಸನದ ಮೇಲೆ ಏಳು ವರ್ಷದ ಒಬ್ಬ ಹುಡುಗಿಯೂ ಇದ್ದಳು. ನಮ್ಮಲ್ಲಾದರೆ ಎರಡನೇ ತರಗತಿಯಲ್ಲಿ ಸ್ಲೇಟು ಹಿಡಿದು ಕೂರುವ ವಯಸ್ಸು. ಅವಳೇ ಪೋರ್ಚುಗಲ್ಲಿನ ಎರಡನೇ ಮರಿಯಾ. ಅವಳ ಹೆಸರಿನಲ್ಲಿ ಯುದ್ಧಗಳು ನಡೆದವು, ಕಾನೂನುಗಳು ಹೊರಟವು, ಪ್ರೌಢಶಾಲೆಗಳು ಹುಟ್ಟಿದವು, ಪಣಜಿಗೆ ರಾಜಧಾನಿಯ ಪಟ್ಟ ಸಿಕ್ಕಿತು. ಆದರೆ ತನ್ನ ಬದುಕಿನ ಮುಖ್ಯ ನಿರ್ಧಾರಗಳಲ್ಲಿ ಎಷ್ಟನ್ನು ಅವಳೇ ತೆಗೆದುಕೊಂಡಳು ಎಂದು ಹುಡುಕಿದರೆ ಬೆರಳೆಣಿಕೆಯಷ್ಟೂ ಸಿಗುವುದಿಲ್ಲ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅವಳ ಕಥೆಯನ್ನೇ ಆರಿಸಿಕೊಂಡದ್ದಕ್ಕೆ ಇದೇ ಕಾರಣ.

ಸಮುದ್ರದಾಚೆ ಹುಟ್ಟಿದ ರಾಜಕುಮಾರಿ

ಮರಿಯಾ ಹುಟ್ಟಿದ್ದು ಪೋರ್ಚುಗಲ್ಲಿನಲ್ಲಿ ಅಲ್ಲ, ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ, 1819ರ ಏಪ್ರಿಲ್ 4ರಂದು. ಪೋರ್ಚುಗಲ್ಲಿನ ರಾಜಮನೆತನ ಅಲ್ಲಿಗೆ ಹೋದ ಕಾರಣವನ್ನು ಮೊದಲು ಹೇಳಬೇಕು. 1807ರ ನವೆಂಬರ್‌ನಲ್ಲಿ ನೆಪೋಲಿಯನ್ನನ ಸೈನ್ಯ ಲಿಸ್ಬನ್ ನಗರದ ಹತ್ತಿರ ಬಂದಾಗ ಇಡೀ ಆಸ್ಥಾನ ಹಡಗು ಹತ್ತಿ ಅಟ್ಲಾಂಟಿಕ್ ಸಾಗರ ದಾಟಿ ತನ್ನದೇ ವಸಾಹತಾಗಿದ್ದ ಬ್ರೆಜಿಲ್‌ಗೆ ಹೋಗಿ ನೆಲೆಸಿತು. ರಾಣಿಯಾಗಿದ್ದ ಮೊದಲನೇ ಮರಿಯಾ, ಅಂದರೆ ನಮ್ಮ ಕಥಾನಾಯಕಿಯ ಮುತ್ತಜ್ಜಿ, ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡಿದ್ದಳು. ಆಕೆಯ ಮಗ ಆರನೇ ಜೊವಾವ್ ಆಡಳಿತ ನೋಡಿಕೊಳ್ಳುತ್ತಿದ್ದ, 1816ರಲ್ಲಿ ತಾಯಿ ಸತ್ತ ಮೇಲೆ ಅವನೇ ರಾಜನಾದ. ಅವನ ಹಿರಿಯ ಮಗ ಪೆಡ್ರೊ. ಪೆಡ್ರೊನ ಹಿರಿಯ ಮಗಳೇ ಈ ಮರಿಯಾ.

ತಾಯಿ ಲಿಯೊಪೋಲ್ಡಿನಾ ಆಸ್ಟ್ರಿಯಾದ ಚಕ್ರವರ್ತಿಯ ಮಗಳು. ಸಸ್ಯಗಳು, ಖನಿಜಗಳು ಎಂದರೆ ಪ್ರೀತಿ, ಓದಿನಲ್ಲಿ ಆಸಕ್ತಿ. ಆಕೆಯ ಅಕ್ಕ ನೆಪೋಲಿಯನ್ನನ ಎರಡನೇ ಹೆಂಡತಿ. ಯಾವ ನೆಪೋಲಿಯನ್ನನಿಗೆ ಹೆದರಿ ಗಂಡನ ಮನೆಯವರು ದೇಶ ಬಿಟ್ಟರೋ ಅವನು ಆಕೆಗೆ ಭಾವನಾಗಬೇಕು! ಯೂರೋಪಿನ ರಾಜಮನೆತನಗಳ ನಂಟೇ ಹಾಗೆ.

ನೆಪೋಲಿಯನ್ ಸೋತ ಮೇಲೂ ಜೊವಾವ್ ಲಿಸ್ಬನ್‌ಗೆ ಹಿಂತಿರುಗಲಿಲ್ಲ. 1820ರಲ್ಲಿ ಪೋರ್ಟೊ ನಗರದಲ್ಲಿ ದಂಗೆಯೆದ್ದಿತು. ರಾಜ ವಾಪಸ್ಸು ಬರಬೇಕು, ಸಂವಿಧಾನಕ್ಕೆ ಒಪ್ಪಿ ಆಳಬೇಕು ಎಂಬುದು ಜನರ ಪಟ್ಟು. 1821ರಲ್ಲಿ ಜೊವಾವ್ ಹೊರಟ. ಮಗ ಪೆಡ್ರೊ ಬ್ರೆಜಿಲ್‌ನಲ್ಲೇ ಉಳಿದು, 1822ರ ಸೆಪ್ಟೆಂಬರ್ 7ರಂದು ಅದನ್ನು ಸ್ವತಂತ್ರ ದೇಶವೆಂದು ಘೋಷಿಸಿ, ಅದರ ಮೊದಲ ಚಕ್ರವರ್ತಿಯಾದ. ಅಪ್ಪ ಒಂದು ದೇಶದ ರಾಜ, ಮಗ ಅದರಿಂದ ಬೇರೆಯಾದ ಇನ್ನೊಂದು ದೇಶದ ಚಕ್ರವರ್ತಿ. ಮನೆ ಪಾಲಾದಂತೆ ಸಾಮ್ರಾಜ್ಯವೂ ಪಾಲಾಯಿತು.

ಚಿಕ್ಕಪ್ಪನೊಡನೆ ಮದುವೆಯ ಷರತ್ತು

1826ರ ಮಾರ್ಚ್‌ನಲ್ಲಿ ಅಜ್ಜ ಜೊವಾವ್ ತೀರಿಕೊಂಡ. ಹಿರಿಯ ಮಗ ಪೆಡ್ರೊ ಈಗ ಪೋರ್ಚುಗಲ್ಲಿಗೂ ರಾಜ. ಆದರೆ ಸ್ವತಂತ್ರ ಬ್ರೆಜಿಲ್‌ನ ಚಕ್ರವರ್ತಿ ಪೋರ್ಚುಗಲ್ಲಿನ ರಾಜನೂ ಆಗುವುದನ್ನು ಎರಡೂ ದೇಶದವರು ಒಪ್ಪುವಂತಿರಲಿಲ್ಲ. ಪೆಡ್ರೊ ಒಂದು ಉಪಾಯ ಹುಡುಕಿದ. ಏಪ್ರಿಲ್ ಕೊನೆಗೆ ಪೋರ್ಚುಗಲ್ಲಿಗೆ ಒಂದು ಸಂವಿಧಾನವನ್ನು ಬರೆಸಿ ಕೊಟ್ಟ. ಮೇ 2ರಂದು ಸಿಂಹಾಸನವನ್ನು ಮಗಳು ಮರಿಯಾಗೆ ಬಿಟ್ಟುಕೊಟ್ಟ. ತನ್ನ ತಮ್ಮ ಮಿಗೆಲ್ ಆ ಸಂವಿಧಾನಕ್ಕೆ ಪ್ರಮಾಣ ಮಾಡಬೇಕು, ಮರಿಯಾಳನ್ನು ಮದುವೆಯಾಗಬೇಕು ಎಂಬುದು ಷರತ್ತು.

ನಮ್ಮ ಹಳ್ಳಿಗಳಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ಉಂಟು. ಆದರೆ ಅಪ್ಪನ ಒಡಹುಟ್ಟಿದ ತಮ್ಮ ಎಂದರೆ ಚಿಕ್ಕಪ್ಪ, ತಂದೆಯ ಸಮಾನ. ಯೂರೋಪಿನ ಅರಮನೆಗಳಲ್ಲಿ ಆಸ್ತಿ ಹೊರಗೆ ಹೋಗದಿರಲೆಂದು ಇಂಥ ಮದುವೆಗೂ ಪೋಪನಿಂದ ಅನುಮತಿ ತರುತ್ತಿದ್ದರು. ಮಿಗೆಲ್‌ಗೆ ಆಗ 23 ವರ್ಷ, ಮರಿಯಾಗೆ 7. ತಂದೆಯ ವಿರುದ್ಧವೇ ದಂಗೆಯೆದ್ದ ತಪ್ಪಿಗೆ ದೇಶದಿಂದ ಹೊರಹಾಕಿಸಿಕೊಂಡು ಮಿಗೆಲ್ ವಿಯೆನ್ನಾದಲ್ಲಿದ್ದ. ಅಲ್ಲಿಯೇ ಪ್ರಮಾಣ ಮಾಡಿದ, ನಿಶ್ಚಿತಾರ್ಥವನ್ನೂ ಮುಗಿಸಿದ. ಹುಡುಗಿ ಸಾವಿರಾರು ಮೈಲಿ ದೂರದ ರಿಯೊದಲ್ಲಿದ್ದಳು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಗರ್ಭಪಾತದ ನಂತರದ ಕಾಯಿಲೆಯಿಂದ ಲಿಯೊಪೋಲ್ಡಿನಾ ತೀರಿಕೊಂಡಳು. ಆಕೆಗೆ 29 ವರ್ಷ. ಒಂದೇ ವರ್ಷದಲ್ಲಿ ಮರಿಯಾ ರಾಣಿಯಾದಳು, ವಧುವಾದಳು, ತಬ್ಬಲಿಯಾದಳು.

ರಾಜ್ಯವಿಲ್ಲದ ರಾಣಿ

1828ರ ಫೆಬ್ರವರಿಯಲ್ಲಿ ಮಿಗೆಲ್ ಲಿಸ್ಬನ್‌ಗೆ ಬಂದ. ಮರಿಯಾ ದೊಡ್ಡವಳಾಗುವ ತನಕ ಅವಳ ಪರವಾಗಿ ಆಳುವುದು ಒಪ್ಪಂದವಾಗಿತ್ತು. ಕೆಲವೇ ತಿಂಗಳಲ್ಲಿ ಒಪ್ಪಂದವನ್ನು ಮುರಿದು ತಾನೇ ರಾಜನೆಂದು ಘೋಷಿಸಿಕೊಂಡ. ಸಂವಿಧಾನ ಮೂಲೆಗೆ ಹೋಯಿತು. ಅದರ ಪರ ಇದ್ದವರು ಸೆರೆಮನೆ ಸೇರಿದರು, ಕೆಲವರು ಗಲ್ಲಿಗೇರಿದರು, ಸಾವಿರಾರು ಜನ ದೇಶ ಬಿಟ್ಟು ಓಡಿದರು.

ಇದು ಗೊತ್ತಿಲ್ಲದೆ 1828ರ ಜುಲೈನಲ್ಲಿ ಮರಿಯಾ ರಿಯೊದಿಂದ ಹಡಗು ಹತ್ತಿದ್ದಳು. ವಿಯೆನ್ನಾದಲ್ಲಿ ತಾಯಿಯ ತಂದೆಯ ಆಸರೆಯಲ್ಲಿ ಬೆಳೆಯಬೇಕು ಎಂಬುದು ಏರ್ಪಾಡು. ಹಡಗು ಸೆಪ್ಟೆಂಬರ್‌ನಲ್ಲಿ ಜಿಬ್ರಾಲ್ಟರ್ ಮುಟ್ಟಿದಾಗ ಚಿಕ್ಕಪ್ಪನ ದ್ರೋಹದ ಸುದ್ದಿ ತಿಳಿಯಿತು. ಆಸ್ಟ್ರಿಯಾ ಸರ್ಕಾರ ಮಿಗೆಲ್‌ನ ಕಡೆಗೆ ವಾಲಿದೆ, ಅಲ್ಲಿಗೆ ಹೋದರೆ ಹುಡುಗಿ ಅವರ ಕೈವಶವಾಗುತ್ತಾಳೆ ಎಂದು ಜೊತೆಗಿದ್ದ ಬಾರ್ಬಸೇನಾದ ಮಾರ್ಕ್ವಿಸ್ ಹಡಗನ್ನು ಇಂಗ್ಲೆಂಡಿಗೆ ತಿರುಗಿಸಿದ. ಒಂಬತ್ತು ವರ್ಷದ ರಾಣಿ ತನ್ನ ರಾಜ್ಯದ ಕರಾವಳಿಯ ಪಕ್ಕದಲ್ಲೇ ಹಾದು ಹೋದಳು, ಕಾಲಿಡಲಾಗಲಿಲ್ಲ.

ಲಂಡನ್‌ನಲ್ಲಿ ರಾಜ ನಾಲ್ಕನೇ ಜಾರ್ಜ್ ಅವಳನ್ನು ರಾಣಿಯಂತೆಯೇ ಸತ್ಕರಿಸಿದ. ಆದರೆ ಸಿಂಹಾಸನ ಕೊಡಿಸುವ ವಿಷಯಕ್ಕೆ ಬ್ರಿಟಿಷ್ ಸರ್ಕಾರ ಕೈಹಾಕಲಿಲ್ಲ. 1829ರ ಮೇ ತಿಂಗಳಲ್ಲಿ ಅವಳ ಗೌರವಕ್ಕಾಗಿ ಮಕ್ಕಳ ನೃತ್ಯಕೂಟವೊಂದನ್ನು ಏರ್ಪಡಿಸಿದ್ದರು. ಅಲ್ಲಿಗೆ ಬಂದಿದ್ದ ಮಕ್ಕಳಲ್ಲಿ ಮರಿಯಾಗಿಂತ ಏಳು ವಾರ ಚಿಕ್ಕವಳಾದ ಒಬ್ಬ ಹುಡುಗಿ ಇದ್ದಳು. ಅವಳ ಹೆಸರು ವಿಕ್ಟೋರಿಯಾ. ಮುಂದೆ ನಮ್ಮ ದೇಶಕ್ಕೂ ಮಹಾರಾಣಿಯಾದವಳು ಅವಳೇ. ಇಬ್ಬರಿಗೂ ಹತ್ತು ವರ್ಷ. ಒಬ್ಬಳು ಆಗಲೇ ರಾಣಿ, ಆದರೆ ರಾಜ್ಯವಿಲ್ಲ. ಇನ್ನೊಬ್ಬಳಿಗೆ ರಾಜ್ಯ ಬರಲಿದೆ, ಆದರೆ ಇನ್ನೂ ಎಂಟು ವರ್ಷ ಬಾಕಿ.

ಆ ವರ್ಷವೇ ಮರಿಯಾ ಮಲತಾಯಿ ಅಮೇಲಿಯ ಜೊತೆ ಬ್ರೆಜಿಲ್‌ಗೆ ಮರಳಿದಳು. ಅಮೇಲಿಗೆ ಆಗ ಇನ್ನೂ 17 ವರ್ಷ. ಅಲ್ಲಿಯೂ ನೆಮ್ಮದಿಯಿರಲಿಲ್ಲ. ಬ್ರೆಜಿಲ್‌ನ ಜನ ಪೆಡ್ರೊನ ಮೇಲೆ ಸಿಟ್ಟಾಗಿದ್ದರು. 1831ರ ಏಪ್ರಿಲ್ 7ರಂದು ಅವನು ಆ ಸಿಂಹಾಸನವನ್ನೂ ಬಿಟ್ಟು, ಐದು ವರ್ಷದ ಮಗ ಪೆಡ್ರೊನನ್ನು ಚಕ್ರವರ್ತಿಯೆಂದು ಅಲ್ಲೇ ಬಿಟ್ಟು ಯೂರೋಪಿಗೆ ಹೊರಟ. ಮರಿಯಾ ತಂದೆಯ ಜೊತೆ ಹೊರಟಳು. ಅಕ್ಕ ಒಂದು ದೇಶಕ್ಕೆ ರಾಣಿ, ತಮ್ಮ ಇನ್ನೊಂದು ದೇಶಕ್ಕೆ ಚಕ್ರವರ್ತಿ. ಆ ದಿನ ಬೇರೆಯಾದ ಅವರಿಬ್ಬರೂ ಬದುಕಿರುವಷ್ಟು ಕಾಲ ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಗಳಿಗಾಗಿ ಅಪ್ಪನ ಯುದ್ಧ

ಪೆಡ್ರೊನಲ್ಲಿ ದೋಷಗಳು ಹಲವು. ಲಿಯೊಪೋಲ್ಡಿನಾಳನ್ನು ಅವನು ನಡೆಸಿಕೊಂಡ ರೀತಿ ಹೊಗಳುವಂಥದ್ದಲ್ಲ. ಆದರೆ ಮಗಳ ವಿಷಯದಲ್ಲಿ ಅವನು ಹಿಂದೆಗೆಯಲಿಲ್ಲ. ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳಲ್ಲಿ ಟೆರ್ಸೀರಾ ಎಂಬ ದ್ವೀಪ ಮಾತ್ರ ಮೊದಲಿನಿಂದಲೂ ಮರಿಯಾ ಪರವಾಗಿ ನಿಂತಿತ್ತು. ಅಲ್ಲಿಂದ ಸುಮಾರು 7,500 ಜನರ ಸಣ್ಣ ಸೈನ್ಯ ಕಟ್ಟಿಕೊಂಡು 1832ರ ಜುಲೈ 8ರಂದು ಪೋರ್ಟೊ ನಗರದ ಹತ್ತಿರ ಇಳಿದ. ಮಿಗೆಲ್‌ನ ಸೈನ್ಯ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಪೋರ್ಟೊ ಒಂದು ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿತು. ಹಸಿವು, ಗುಂಡಿನ ಮಳೆ, ಮೇಲಿಂದ ಕಾಲರಾ. ಜನ ಊರು ಬಿಟ್ಟುಕೊಡಲಿಲ್ಲ.

1833ರ ಜುಲೈನಲ್ಲಿ ಕೇಪ್ ಸೇಂಟ್ ವಿನ್ಸೆಂಟ್ ಬಳಿಯ ಸಮುದ್ರ ಯುದ್ಧದಲ್ಲಿ ಮಿಗೆಲ್‌ನ ನೌಕಾಪಡೆ ಸೋತಿತು. ಅದೇ ತಿಂಗಳ 24ರಂದು ಲಿಸ್ಬನ್ ಕೈಗೆ ಬಂತು. ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿದ್ದ ಮರಿಯಾಳನ್ನು ಕರೆಸಿಕೊಂಡರು. ತಾನು ರಾಣಿಯಾಗಿದ್ದ ದೇಶದ ನೆಲವನ್ನು ಅವಳು ಮೊದಲ ಬಾರಿ ಮುಟ್ಟಿದ್ದು 14ನೇ ವಯಸ್ಸಿನಲ್ಲಿ, ಪಟ್ಟ ಸಿಕ್ಕು ಏಳು ವರ್ಷಗಳ ಮೇಲೆ. 1834ರ ಮೇ 26ರಂದು ಎವೊರಾಮೋಂಟೆ ಎಂಬಲ್ಲಿ ಮಿಗೆಲ್ ಶರಣಾಗಿ ದೇಶ ಬಿಟ್ಟ. ಚಿಕ್ಕಪ್ಪನೊಡನೆ ಆಗಿದ್ದ ಆ ನಿಶ್ಚಿತಾರ್ಥವೂ ಮಣ್ಣಾಯಿತು.

ಗೆದ್ದ ಅಪ್ಪ ಗೆಲುವನ್ನು ಅನುಭವಿಸಲಿಲ್ಲ. ಕ್ಷಯರೋಗದಿಂದ ಸವೆದುಹೋಗಿದ್ದ ಪೆಡ್ರೊ ಸೆಪ್ಟೆಂಬರ್ 24ರಂದು, ತಾನು ಹುಟ್ಟಿದ ಕೆಲೂಜ್ ಅರಮನೆಯಲ್ಲೇ ತೀರಿಕೊಂಡ. ವಯಸ್ಸು 35. ತನ್ನ ಜೊತೆ ಮುತ್ತಿಗೆಯನ್ನು ತಾಳಿಕೊಂಡ ಪೋರ್ಟೊ ನಗರಕ್ಕೆ ತನ್ನ ಹೃದಯವನ್ನು ಬಿಟ್ಟುಹೋದ. ಅದು ಇಂದಿಗೂ ಅಲ್ಲಿಯ ಲಾಪಾ ಚರ್ಚಿನಲ್ಲಿದೆ. 2022ರಲ್ಲಿ ಬ್ರೆಜಿಲ್ ಸ್ವಾತಂತ್ರ್ಯದ ಇನ್ನೂರನೇ ವರ್ಷದ ಸಮಾರಂಭಕ್ಕೆ ಅದನ್ನು ವಿಮಾನದಲ್ಲಿ ಕೊಂಡೊಯ್ದು ಮತ್ತೆ ತಂದಿಟ್ಟರು. ಅಪ್ಪ ಹಾಸಿಗೆ ಹಿಡಿದಿದ್ದಾಗಲೇ ಸಂಸತ್ತು ಮರಿಯಾಳನ್ನು ಪ್ರಾಪ್ತ ವಯಸ್ಕಳೆಂದು ಘೋಷಿಸಿತ್ತು. ನಮ್ಮ ಲೆಕ್ಕದಲ್ಲಿ ಹತ್ತನೇ ತರಗತಿಯ ಹುಡುಗಿ. ಅವಳ ಕೈಗೆ ಯುದ್ಧದಿಂದ ಹಾಳಾದ, ಸಾಲದಲ್ಲಿ ಮುಳುಗಿದ ಒಂದು ದೇಶ.

ಎರಡು ಮದುವೆ

ಉತ್ತರಾಧಿಕಾರಿ ಬೇಕೆಂದು ಮಂತ್ರಿಗಳು ತಡಮಾಡಲಿಲ್ಲ. 1835ರ ಜನವರಿಯಲ್ಲಿ ಮಲತಾಯಿಯ ಅಣ್ಣನಾದ ಅಗಸ್ಟ್‌ನೊಡನೆ ಮದುವೆಯಾಯಿತು. ಎರಡೇ ತಿಂಗಳಲ್ಲಿ, ಮಾರ್ಚ್ 28ರಂದು, ಗಂಟಲು ಬೇನೆ ಬಂದು ಅವನು ಸತ್ತ. ರಾಣಿ 16 ತುಂಬುವ ಮೊದಲೇ ವಿಧವೆ. ದುಃಖ ಆರುವ ಮೊದಲೇ ಮತ್ತೆ ವರಾನ್ವೇಷಣೆ. 1836ರ ಏಪ್ರಿಲ್‌ನಲ್ಲಿ ಜರ್ಮನಿಯ ಕೋಬರ್ಗ್ ಮನೆತನದ ಫರ್ಡಿನೆಂಡ್ ಲಿಸ್ಬನ್‌ಗೆ ಬಂದ. ಇವನು ವಿಕ್ಟೋರಿಯಾಳಿಗೂ, ಮುಂದೆ ಅವಳ ಗಂಡನಾದ ಆಲ್ಬರ್ಟ್‌ಗೂ ಹತ್ತಿರದ ಸಂಬಂಧಿ.

ಈ ಮದುವೆಯನ್ನೂ ಹಿರಿಯರೇ ಕುದುರಿಸಿದ್ದರು. ಆದರೂ ಮರಿಯಾಗೆ ಇದರಲ್ಲಿ ಸುಖ ಸಿಕ್ಕಿತು. ಫರ್ಡಿನೆಂಡ್ ಚಿತ್ರ ಬರೆಯುತ್ತಿದ್ದ, ಹಾಡುತ್ತಿದ್ದ. ಲಿಸ್ಬನ್ ಸಮೀಪದ ಸಿಂಟ್ರಾ ಬೆಟ್ಟದ ಮೇಲೆ ಹಾಳುಬಿದ್ದಿದ್ದ ಮಠವೊಂದನ್ನು ಕೊಂಡು, ಅಲ್ಲಿ ಬಣ್ಣ ಬಣ್ಣದ ಪೇನಾ ಅರಮನೆಯನ್ನು ಕಟ್ಟಿಸಿದವನು ಅವನೇ. 1837ರ ಸೆಪ್ಟೆಂಬರ್‌ನಲ್ಲಿ ಮೊದಲ ಮಗ ಪೆಡ್ರೊ, ಮರುವರ್ಷ ಲೂಯಿಸ್ ಹುಟ್ಟಿದರು.

ದಂಗೆಯಿಂದ ಹುಟ್ಟಿದ ಪ್ರೌಢಶಾಲೆಗಳು

1836ರ ಸೆಪ್ಟೆಂಬರ್‌ನಲ್ಲಿ ಲಿಸ್ಬನ್‌ನಲ್ಲಿ ಕ್ರಾಂತಿಯಾಯಿತು. ಪೆಡ್ರೊ ಕೊಟ್ಟಿದ್ದ ಸಂವಿಧಾನದಲ್ಲಿ ರಾಜನಿಗೆ ಅಧಿಕಾರ ಹೆಚ್ಚು, ಜನಕ್ಕೆ ಕಡಿಮೆ ಎಂಬುದು ಕ್ರಾಂತಿಕಾರರ ತಕರಾರು. ರಾಣಿ ಬಲವಂತಕ್ಕೆ ಒಪ್ಪಿ ಹೊಸ ಸರ್ಕಾರ ರಚಿಸಿದಳು. ಎರಡು ತಿಂಗಳ ಮೇಲೆ ಅದನ್ನು ಉರುಳಿಸಲು ಅರಮನೆಯ ಕಡೆಯವರು ನಡೆಸಿದ ಯತ್ನ ಕೈಕೊಟ್ಟಿತು. ಆಕೆಯ ಮನಸ್ಸಿಗೆ ಒಪ್ಪದ ಈ ಸರ್ಕಾರವೇ ಆಕೆಯ ಆಳ್ವಿಕೆಯ ಅತ್ಯುತ್ತಮ ಕೆಲಸವನ್ನು ಮಾಡಿತು.

ಪಾಸೋಸ್ ಮನುಯೆಲ್ ಎಂಬ ಮಂತ್ರಿ 1836ರ ನವೆಂಬರ್ 17ರಂದು ಲೈಸಿಯಂ ಎಂಬ ಸರ್ಕಾರಿ ಪ್ರೌಢಶಾಲೆಗಳ ಕಾನೂನು ತಂದ. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಒಂದು ಲೈಸಿಯಂ ಇರಬೇಕು. ಲ್ಯಾಟಿನ್ ವ್ಯಾಕರಣ ಉರುಹೊಡೆಸುವುದಷ್ಟೇ ಅಲ್ಲ, ವಿಜ್ಞಾನ, ಗಣಿತ, ಭೂಗೋಳ, ಇತಿಹಾಸ, ಆಧುನಿಕ ಭಾಷೆಗಳನ್ನೂ ಕಲಿಸಬೇಕು. 1837ರ ಜನವರಿಯಲ್ಲಿ ಲಿಸ್ಬನ್ ಮತ್ತು ಪೋರ್ಟೊದಲ್ಲಿ ಪಾಲಿಟೆಕ್ನಿಕ್‌ಗಳು ಶುರುವಾದವು. ಎಂಜಿನಿಯರಿಂಗ್ ಓದಿದ ನನಗೆ ಈ ದಿನಾಂಕ ಕಂಡಾಗ ವಿಶೇಷ ಖುಷಿಯಾಯಿತು. ನಾಟಕಕಾರ ಅಲ್ಮೇಡಾ ಗ್ಯಾರೆಟ್‌ಗೆ ರಾಷ್ಟ್ರೀಯ ರಂಗಮಂದಿರದ ಜವಾಬ್ದಾರಿ ಕೊಟ್ಟರು. ಅದು ರಾಣಿಯ ಹೆಸರಿನಲ್ಲೇ 1846ರಲ್ಲಿ ತೆರೆಯಿತು. ಅದನ್ನು ಕಟ್ಟಿದ್ದು ಹಿಂದೆ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯದ ಕಟ್ಟಡವಿದ್ದ ಜಾಗದಲ್ಲಿ. ಜನ ಹೆಸರು ಕೇಳಿದರೆ ನಡುಗುತ್ತಿದ್ದ ಜಾಗಕ್ಕೆ ಟಿಕೆಟ್ ಕೊಂಡು ನಾಟಕ ನೋಡಲು ಬರತೊಡಗಿದರು. 1836ರ ಡಿಸೆಂಬರ್‌ನಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಆಜ್ಞೆಯೂ ಹೊರಟಿತು. ವಸಾಹತುಗಳ ವ್ಯಾಪಾರಿಗಳು ಅದನ್ನು ಸುಲಭಕ್ಕೆ ಪಾಲಿಸಲಿಲ್ಲ, ಗುಲಾಮಗಿರಿಯನ್ನೇ ರದ್ದು ಮಾಡುವ ಆಜ್ಞೆ ಬರಲು 1869 ಬೇಕಾಯಿತು.

ಲೈಸಿಯಂಗಳ ಗತಿಯೂ ಹಾಗೇ. ಪ್ರೋಗ್ರಾಂ ಬರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಅದು ಓಡುವ ಯಂತ್ರ ಬೇಕು, ವಿದ್ಯುತ್ ಬೇಕು ಎಂದು ನಮ್ಮ ವೃತ್ತಿಯವರಿಗೆ ಗೊತ್ತು. ಕಾನೂನು ಇತ್ತು, ಆದರೆ ಕಟ್ಟಡವಿಲ್ಲ, ಮೇಷ್ಟ್ರಿಲ್ಲ, ಸಂಬಳಕ್ಕೆ ಹಣವಿಲ್ಲ. ಎಷ್ಟೋ ಜಿಲ್ಲೆಗಳಲ್ಲಿ ಲೈಸಿಯಂ ಬಾಗಿಲು ತೆರೆಯಲು ವರ್ಷಗಳೇ ಹಿಡಿದವು. ಪ್ರಾಥಮಿಕ ಶಿಕ್ಷಣ ಕಡ್ಡಾಯವೆಂದು 1844ರಲ್ಲಿ ಇನ್ನೊಂದು ಕಾನೂನು ಬಂತು. ಆದರೂ 1900ರ ಹೊತ್ತಿಗೆ ಪೋರ್ಚುಗಲ್ಲಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಅನಕ್ಷರಸ್ಥರಾಗಿಯೇ ಇದ್ದರು.

ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಹಿಂದೆ. 1290ರಲ್ಲಿ ಸ್ಥಾಪನೆಯಾದ ಕೊಯಿಂಬ್ರಾ ವಿಶ್ವವಿದ್ಯಾಲಯಕ್ಕೆ ಮೊದಲ ವಿದ್ಯಾರ್ಥಿನಿ ಸೇರಿದ್ದು 1891ರಲ್ಲಿ. ಹುಡುಗಿಯರಿಗೆಂದೇ ಮೊದಲ ಸರ್ಕಾರಿ ಲೈಸಿಯಂ ಲಿಸ್ಬನ್‌ನಲ್ಲಿ ತೆರೆದದ್ದು 1906ರಲ್ಲಿ, ರಾಣಿ ಸತ್ತು 53 ವರ್ಷಗಳ ಮೇಲೆ. ದೇಶದ ಸಿಂಹಾಸನದಲ್ಲಿ ಹೆಣ್ಣು ಕೂರಬಹುದಿತ್ತು. ಆಕೆಯ ಸಹಿಯಿಂದ ಹುಟ್ಟಿದಂಥ ಶಾಲೆಯೊಂದು ಹುಡುಗಿಯರಿಗೆಂದೇ ತೆರೆಯಲು ಎಪ್ಪತ್ತು ವರ್ಷ ಕಾಯಬೇಕಾಯಿತು.

ಪಣಜಿಯೂ ಪಾಳುಬಿದ್ದ ಗೋಪುರವೂ

ಲಿಸ್ಬನ್‌ನಲ್ಲಿ ಹೊರಟ ಆಜ್ಞೆಗಳು ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಗೋವಾಕ್ಕೂ ಬರುತ್ತಿದ್ದವು. ಅಪ್ಪ ಪೆಡ್ರೊ ಬದುಕಿದ್ದಾಗಲೇ, 1834ರ ಮೇ ಕೊನೆಯಲ್ಲಿ, ಕ್ರೈಸ್ತ ಸನ್ಯಾಸಿಗಳ ಮಠಗಳನ್ನು ಮುಚ್ಚಿ ಆಸ್ತಿಯನ್ನು ಸರ್ಕಾರಕ್ಕೆ ಸೇರಿಸಿಕೊಳ್ಳುವ ಆಜ್ಞೆಯಾಗಿತ್ತು. ಓಲ್ಡ್ ಗೋವಾ ನೋಡಲು ಹೋದವರು ಅಲ್ಲಿ ಒಂಟಿಯಾಗಿ ನಿಂತಿರುವ ಸೇಂಟ್ ಆಗಸ್ಟೀನ್ ಗೋಪುರವನ್ನು ಕಂಡಿರುತ್ತಾರೆ. ಆ ಆಜ್ಞೆಯಿಂದಾಗಿ 1835ರಲ್ಲಿ ಸನ್ಯಾಸಿಗಳು ಬಿಟ್ಟುಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಅಲ್ಲಿಯ ಚರ್ಚಿನ ಛಾವಣಿ ಕುಸಿಯಿತು.

1835ರ ಜನವರಿಯಲ್ಲಿ ಬೆರ್ನಾರ್ಡೊ ಪೆರೆಸ್ ದ ಸಿಲ್ವಾ ಎಂಬ ಗೋವಾದವನೇ ರಾಣಿಯ ಸರ್ಕಾರದಿಂದ ನೇಮಕವಾಗಿ ಗೋವಾದ ಆಡಳಿತ ವಹಿಸಿಕೊಂಡ. ಮೂರು ಶತಮಾನಗಳಲ್ಲಿ ಸ್ಥಳೀಯನೊಬ್ಬನಿಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಅಲ್ಲಿದ್ದ ಬಿಳಿಯ ಅಧಿಕಾರಿಗಳು, ಸೈನಿಕರು ಸಹಿಸಲಿಲ್ಲ. ಮೂರು ವಾರ ಕಳೆಯುವ ಮೊದಲೇ ದಂಗೆಯೆದ್ದು ಅವನನ್ನು ಇಳಿಸಿದರು. ರಾಣಿಯ ಸಹಿ ಅಷ್ಟು ದೂರದಲ್ಲಿ ಅವನನ್ನು ಕಾಯಲಿಲ್ಲ. 1842ರಲ್ಲಿ ಗೋವಾದ ವೈದ್ಯಕೀಯ ಶಾಲೆ ಆರಂಭವಾಯಿತು. 1843ರ ಮಾರ್ಚ್‌ನಲ್ಲಿ ಪಣಜಿಗೆ ನೋವಾ ಗೋವಾ ಎಂಬ ಹೆಸರು ಕೊಟ್ಟು ಅದನ್ನು ಅಧಿಕೃತ ರಾಜಧಾನಿಯೆಂದು ಸಾರಿದರು. ನಾವು ಇಂದು ರಜೆಯಲ್ಲಿ ಹೋಗಿ ತಿರುಗಾಡಿ ಬರುವ ಪಣಜಿಗೆ ಆ ಪಟ್ಟ ಬಂದದ್ದು ಮರಿಯಾಳ ಹೆಸರಿನಲ್ಲಿ.

ಹಳ್ಳಿಯ ಹೆಂಗಸರ ದಂಗೆ

1842ರಿಂದ ಕೋಸ್ಟಾ ಕಬ್ರಾಲ್ ಎಂಬ ಗಟ್ಟಿ ಮಂತ್ರಿಯ ಕಾಲ. ಹಳೆಯ ಸಂವಿಧಾನವನ್ನು ಮತ್ತೆ ತಂದ, ರಸ್ತೆ ಮಾಡಿಸಿದ, ತೆರಿಗೆ ಬಿಗಿ ಮಾಡಿದ. ರಾಣಿಗೆ ಅವನ ಮೇಲೆ ಪೂರ್ಣ ಭರವಸೆ. ಅವನು ತಂದ ಆರೋಗ್ಯ ಕಾನೂನಿನ ಪ್ರಕಾರ ಸತ್ತವರನ್ನು ಚರ್ಚಿನೊಳಗೆ ಹೂಳುವಂತಿಲ್ಲ, ಊರ ಹೊರಗಿನ ಸ್ಮಶಾನದಲ್ಲಿ ಹೂಳಬೇಕು. ರೋಗ ಹರಡದಂತೆ ತಡೆಯಲು ಕಾನೂನು ಸರಿಯೇ. ಆದರೆ ತಲೆತಲಾಂತರದಿಂದ ಹಿರಿಯರನ್ನು ಚರ್ಚಿನ ನೆಲದಲ್ಲೇ ಮಲಗಿಸಿದ್ದ ಹಳ್ಳಿಯವರಿಗೆ ಯಾರೂ ಕೂತು ತಿಳಿಸಿ ಹೇಳಲಿಲ್ಲ. 1846ರಲ್ಲಿ ಉತ್ತರದ ಮಿನ್ಯೊ ಪ್ರಾಂತ್ಯದ ಹೆಂಗಸರು ಕುಡುಗೋಲು, ದೊಣ್ಣೆ ಹಿಡಿದು ಹೊರಬಂದರು. ಮರಿಯಾ ದ ಫೋಂಟೆ ಎಂಬ ಹಳ್ಳಿ ಹೆಣ್ಣಿನ ಹೆಸರಿನಲ್ಲಿ ಆ ದಂಗೆ ಇತಿಹಾಸ ಸೇರಿದೆ. ಅರಮನೆಯ ಮರಿಯಾ ಮತ್ತು ಹಳ್ಳಿಯ ಮರಿಯಾ ಎದುರುಬದುರಾದರು. ಗೆದ್ದದ್ದು ಹಳ್ಳಿಯವಳು. ಮೇ ತಿಂಗಳಲ್ಲಿ ಕಬ್ರಾಲ್ ದೇಶ ಬಿಟ್ಟ.

ಇಲ್ಲಿ ರಾಣಿ ಸ್ವಂತ ಬುದ್ಧಿಯಿಂದ ಒಂದು ನಿರ್ಧಾರ ತೆಗೆದುಕೊಂಡಳು, ಅದು ಕೆಟ್ಟದ್ದಾಯಿತು. ಅಕ್ಟೋಬರ್ 6ರ ರಾತ್ರಿ ಜನರಿಗೆ ಸಮಾಧಾನ ತಂದಿದ್ದ ಮಂತ್ರಿಮಂಡಲವನ್ನು ಅರಮನೆಗೆ ಕರೆಸಿ ರಾಜೀನಾಮೆ ಪಡೆದು, ಸೇನಾನಿ ಸಲ್ಡಾನ್ಯಾನ ಕೈಗೆ ಅಧಿಕಾರ ಕೊಟ್ಟಳು. ದೇಶ ಮತ್ತೆ ಅಂತರ್ಯುದ್ಧಕ್ಕೆ ಬಿದ್ದಿತು. ಅಪ್ಪನ ಜೊತೆ ಮುತ್ತಿಗೆಯಲ್ಲಿ ನಿಂತು ಆಕೆಗೆ ಸಿಂಹಾಸನ ಕೊಡಿಸಿದ ಪೋರ್ಟೊ ನಗರವೇ ಈಗ ಆಕೆಯ ವಿರುದ್ಧ ನಿಂತಿತು. ಸೆರೆಸಿಕ್ಕ ನಾಯಕರಲ್ಲಿ ಕೆಲವರನ್ನು ಆಫ್ರಿಕದ ಅಂಗೋಲಾಕ್ಕೆ ಗಡೀಪಾರು ಮಾಡಿದರು. ಕೊನೆಗೆ ಬ್ರಿಟನ್, ಸ್ಪೇನ್ ದೇಶಗಳ ಸೈನ್ಯ ಬಂದು ನಿಂತ ಮೇಲೆ 1847ರ ಜೂನ್‌ನಲ್ಲಿ ರಾಜಿಯಾಯಿತು. ತನ್ನ ಪ್ರಜೆಗಳ ಮೇಲೆ ಪರದೇಶದ ಪಡೆಯನ್ನು ತರಿಸಿಕೊಂಡ ಕಳಂಕ ಆಕೆಯ ಹೆಸರಿಗೆ ಅಂಟಿತು. ಬಾಲ್ಯದಿಂದಲೂ ಸಿಂಹಾಸನವನ್ನು ಕಳೆದುಕೊಳ್ಳುವ ಭಯದಲ್ಲೇ ಬೆಳೆದವಳಿಗೆ ಪ್ರತಿ ಪ್ರಶ್ನೆಯೂ ಚಿಕ್ಕಪ್ಪನ ದ್ರೋಹದಂತೆಯೇ ಕಂಡಿರಬೇಕು. ಆದರೆ ಆ ಭಯದ ಬೆಲೆ ತೆತ್ತವರು ಬೇರೆಯವರು.

1851ರ ನಂತರ ಕಾಲ ತಿಳಿಯಾಯಿತು. 1852ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ನೇರ ಚುನಾವಣೆ ಬಂತು, ರಾಜಕೀಯ ಅಪರಾಧಗಳಿಗೆ ಮರಣದಂಡನೆ ರದ್ದಾಯಿತು. ಅದೇ ವರ್ಷ ಮೀಟರ್, ಕಿಲೋಗ್ರಾಂ ಅಳತೆಗಳನ್ನು ಒಪ್ಪಿಕೊಂಡರು. ನಮ್ಮಲ್ಲಿ ಸೇರು, ಪಾವು ಬಿಟ್ಟು ಕಿಲೋಗೆ ಬರುವ ಕಾನೂನು ಆದದ್ದು 1956ರಲ್ಲಿ ಎಂಬುದನ್ನು ನೆನೆದರೆ ಅದು ಎಷ್ಟು ಮುಂಚಿನ ಮಾತು ಎಂದು ತಿಳಿಯುತ್ತದೆ. 1853ರಲ್ಲಿ ರೈಲು ದಾರಿಯ ಕೆಲಸ ಶುರುವಾಯಿತು. ಆ ಜುಲೈನಲ್ಲಿ ರಾಣಿಯ ಮುಖವಿರುವ ದೇಶದ ಮೊದಲ ಅಂಚೆಚೀಟಿ ಹೊರಬಂತು. ಮರುವರ್ಷ ಭಾರತದಲ್ಲಿ ವಿಕ್ಟೋರಿಯಾ ಮುಖದ ಅಂಚೆಚೀಟಿ ಬಂತು. ಲಂಡನ್ನಿನ ನೃತ್ಯಕೂಟಕ್ಕೆ ಬಂದಿದ್ದ ಆ ಇಬ್ಬರು ಹುಡುಗಿಯರೂ ಜನರ ಪತ್ರಗಳ ಮೇಲೆ ಊರೂರು ತಿರುಗಿದರು.

ಹನ್ನೊಂದನೇ ಹೆರಿಗೆ

ತನ್ನ ಮುಖದ ಚೀಟಿ ಹೊರಬಂದಾಗ ರಾಣಿ ಮತ್ತೆ ಗರ್ಭಿಣಿ. ಅದು ಹನ್ನೊಂದನೆಯದು. ಅಲ್ಲಿಯವರೆಗಿನ ಹತ್ತರಲ್ಲಿ ಏಳು ಮಕ್ಕಳು ಉಳಿದಿದ್ದವು, ಮೂರು ಹುಟ್ಟುವಾಗಲೇ ಸತ್ತಿದ್ದವು. ಮೈ ತುಂಬಾ ದಪ್ಪವಾಗಿತ್ತು, ಪ್ರತಿ ಹೆರಿಗೆಯೂ ಹಿಂದಿನದಕ್ಕಿಂತ ಕಷ್ಟವಾಗುತ್ತಿತ್ತು. ಇನ್ನು ಸಾಕು, ಪ್ರಾಣಕ್ಕೆ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದರು. ಅದು ತನ್ನ ಕರ್ತವ್ಯ ಎಂಬ ಭಾವನೆಯಿಂದ ಆಕೆ ಕಿವಿಗೊಡಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ವಿಕ್ಟೋರಿಯಾ ಕ್ಲೋರೋಫಾರಂ ಪಡೆದು ಎಂಟನೇ ಮಗುವನ್ನು ಹೆತ್ತು ಎದ್ದು ಓಡಾಡಿದ್ದಳು. ಮರಿಯಾಗೆ ಆ ಅದೃಷ್ಟವಿರಲಿಲ್ಲ. 1853ರ ನವೆಂಬರ್ 15ರಂದು ಲಿಸ್ಬನ್‌ನ ನೆಸೆಸಿಡಾಡೆಸ್ ಅರಮನೆಯಲ್ಲಿ ಗಂಟೆಗಟ್ಟಲೆ ನೋವು ತಿಂದು ಆಕೆ ತೀರಿಕೊಂಡಳು. ಗಂಡುಮಗು ಉಳಿಯಲಿಲ್ಲ. ಆಕೆಯ ವಯಸ್ಸು 34. ತಾಯಿಯಂತೆಯೇ ಮಗಳೂ ಹೋದಳು.

ಪೋರ್ಚುಗಲ್ಲಿನ ಜನ ಆಕೆಯನ್ನು ಶಿಕ್ಷಕಿ ಎಂದೂ ಒಳ್ಳೆಯ ತಾಯಿ ಎಂದೂ ಕರೆಯುತ್ತಾರೆ. ಆ ಬಿರುದು ಬಂದದ್ದು ಲೈಸಿಯಂಗಳಿಂದ ಅಲ್ಲ, ಸ್ವಂತ ಮಕ್ಕಳನ್ನು ಶ್ರದ್ಧೆಯಿಂದ ಓದಿಸಿ ಬೆಳೆಸಿದ್ದರಿಂದ. ಹಿರಿಯ ಮಗ ಐದನೇ ಪೆಡ್ರೊ 16ನೇ ವಯಸ್ಸಿಗೆ ರಾಜನಾದ. 1857ರಲ್ಲಿ ಲಿಸ್ಬನ್‌ಗೆ ಹಳದಿ ಜ್ವರ ಬಡಿದಾಗ ಊರು ಬಿಟ್ಟು ಓಡದೆ ಆಸ್ಪತ್ರೆಗಳಿಗೆ ಹೋಗಿ ರೋಗಿಗಳ ಪಕ್ಕದಲ್ಲಿ ನಿಂತ. ಸಾಹಿತ್ಯ, ಇತಿಹಾಸಗಳ ಉನ್ನತ ಶಿಕ್ಷಣಕ್ಕೆ ಲಿಸ್ಬನ್‌ನಲ್ಲಿ ಒಂದು ಸಂಸ್ಥೆ ಸ್ಥಾಪಿಸಿದ. 1861ರಲ್ಲಿ ವಿಷಮಶೀತ ಜ್ವರ ಅವನನ್ನೂ, ಇಬ್ಬರು ತಮ್ಮಂದಿರನ್ನೂ ಕೆಲವೇ ವಾರಗಳ ಅಂತರದಲ್ಲಿ ಕೊಂಡೊಯ್ದಿತು. ಬಳಿಕ ಪಟ್ಟಕ್ಕೆ ಬಂದ ಲೂಯಿಸ್ ಶೇಕ್ಸ್‌ಪಿಯರನ ನಾಟಕಗಳನ್ನು ಪೋರ್ಚುಗೀಸಿಗೆ ತಾನೇ ಅನುವಾದಿಸಿದ. ಗುಲಾಮಗಿರಿಯನ್ನು ರದ್ದು ಮಾಡುವ 1869ರ ಆಜ್ಞೆ ಹೊರಟದ್ದು ಅವನ ಕಾಲ‌ದಲ್ಲೇ.

ಮರಿಯಾ ದೊಡ್ಡ ರಾಣಿಯೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುವುದು ಕಷ್ಟ. ಆದರೆ ಸಿಂಹಾಸನ, ವರ, ವಾಸ, ಸರ್ಕಾರ ಎಲ್ಲವನ್ನೂ ಬೇರೆಯವರು ಗೊತ್ತುಮಾಡಿದ ಬದುಕಿನಲ್ಲಿ, ತನ್ನ ಕೈಗೆ ಪೂರ್ತಿಯಾಗಿ ಸಿಕ್ಕ ಒಂದು ಕೆಲಸವನ್ನು, ಅಂದರೆ ಮಕ್ಕಳ ಓದನ್ನು, ಆಕೆ ಚೆನ್ನಾಗಿ ಮಾಡಿದಳು. ಅಂಥದೇ ಶ್ರದ್ಧೆ ದೇಶದ ಎಲ್ಲ ಮಕ್ಕಳಿಗೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೂ, ಸಿಗಲು ಒಂದು ಕಾನೂನು ಸಾಲದು. ಕಟ್ಟಡ ಕಟ್ಟುವ ಊರು, ದಿನಾ ಬಂದು ಪಾಠ ಹೇಳುವ ಮೇಷ್ಟ್ರು, ಹತ್ತನೇ ತರಗತಿ ಮುಗಿಯುವ ತನಕ ಮಗಳ ಮದುವೆಯ ಮಾತೆತ್ತದ ತಂದೆತಾಯಿ, ಇಷ್ಟೂ ಕೂಡಿದರೆ ಮಾತ್ರ ಒಂದು ಸರ್ಕಾರಿ ಪ್ರೌಢಶಾಲೆ ಐವತ್ತು ವರ್ಷ ನಡೆಯುತ್ತದೆ. ರಾಣಿಯ ಹೆಸರಿನಲ್ಲಿ ಹೊರಟ ಆಜ್ಞೆಗೂ ಆಗದ ಕೆಲಸ ಅದು.